ದೇಶದೇಶಗಳ ಲೆಕ್ಕ

ಸಕಲ ದೇಶಗಳ ಅಂಕಿ-ಅಂಶಗಳನ್ನು ಒಂದೇ ಸಂಪುಟದಲ್ಲಿ ಒದಗಿಸುವ ‘ಸ್ಟೇಟ್ಸ್‌ಮನ್ಸ್ ಇಯರ್ ಬುಕ್’ ಮೊದಲು ಪ್ರಕಟವಾದುದು 1864ರಲ್ಲಿ. ಇಂತಹ ಕೈಪಿಡಿಗಳು ಬಹೂಪಯೋಗಿಗಳು. ಆದರೆ ಓದುವವರಿಗೆ ಎಚ್ಚರಿಕೆ ಅವಶ್ಯಕ. ರಷ್ಯದ ವಿಸ್ತೀರ್ಣ ಸುಮಾರು 171 ಲಕ್ಷ ಚದರ ಕಿಲೋಮೀಟರು. ಬಾಂಗ್ಲಾದೇಶದ್ದು ಒಂದೂವರೆ ಲಕ್ಷಕ್ಕೂ ಕಡಿಮೆ. ಆದರೂ ಜನಸಂಖ್ಯೆಯಲ್ಲಿ ಬಾಂಗ್ಲಾದೇಶವೇ ಮುಂದು. ಒಂದೇ ಅಂಕಿಯಿಂದ ದೇಶವನ್ನು ಅಳೆಯಲಾಗದು.

ಸರಾಸರಿಯೂ ಕೆಲವೊಮ್ಮೆ ದಾರಿ ತಪ್ಪಿಸುವುದುಂಟು. ಈಜಿಪ್ಟಿನಲ್ಲಿ ಚದರ ಕಿಲೋಮೀಟರಿಗೆ ಸರಾಸರಿ ನೂರರ ಆಸುಪಾಸಿನಷ್ಟು ಜನ. ವಾಸ್ತವದಲ್ಲಿ ಅವರಲ್ಲಿ ಬಹುಪಾಲು ಜನರು ನೈಲ್ ನದಿಯ ಕಣಿವೆಯಲ್ಲಿಯೂ ಮುಖಜಭೂಮಿಯಲ್ಲಿಯೂ ಒತ್ತಾಗಿ ನೆಲೆಸಿದ್ದಾರೆ. ಉಳಿದುದು ಹೆಚ್ಚಾಗಿ ಮರುಭೂಮಿ. ಸರಾಸರಿಯನ್ನೇ ನೆಚ್ಚಿ ಆಸ್ಪತ್ರೆಗಳನ್ನು ನಾಡಿನುದ್ದಕ್ಕೂ ಸಮವಾಗಿ ಹಂಚಿದರೆ, ವೈದ್ಯನು ಮರಳಿಗೆ ದೊರೆತಾನು, ರೋಗಿಗೆ ದೊರೆಯನು. ಆದುದರಿಂದ ಅಂಕಿ ಏನನ್ನು ಎಣಿಸಿತು, ಏನನ್ನು ಮರೆಮಾಡಿತು ಎಂದು ವಿಚಾರಿಸಿದ ಬಳಿಕವೇ ನಂಬುವುದು ಲೇಸು.