ಮಾದಳಕ್ಕೆಷ್ಟು? ಬೇಲಕ್ಕೆಷ್ಟು?

ಸಂಡೂರಿನ ಗಣಿಗಳಿಂದ ಕಬ್ಬಿಣದ ಅದಿರು ತುಂಬಿಕೊಂಡು ಬರುವ ಲಾರಿಗಳನ್ನು ನೀವು ನೋಡಿರಬಹುದು. ಲಾರಿಯಲ್ಲಿ ಎಷ್ಟು ಟನ್ ಅದಿರಿದೆ ಎಂದು ತಿಳಿಯುವುದು ಹೇಗೆ? ವೇಬ್ರಿಡ್ಜಿನ ಮೇಲೆ ಲಾರಿಯನ್ನು ಖಾಲಿ ಇದ್ದಾಗ ಒಮ್ಮೆ, ತುಂಬಿದ ಮೇಲೆ ಒಮ್ಮೆ ತೂಗುತ್ತಾರೆ. ತುಂಬಿದ ಲಾರಿ 25 ಟನ್, ಖಾಲಿ ಲಾರಿ 10 ಟನ್ ಎಂದುಕೊಳ್ಳಿ. ಕಳೆದರೆ 15 ಟನ್. ಲಾರಿಯ ತೂಕ ಎರಡು ಸಲವೂ ಇತ್ತು. ಕಳೆದಾಗ ಅದು ಹೋಯಿತು, ಅದಿರು ಮಾತ್ರ ಉಳಿಯಿತು. ಸರ್ಕಾರಕ್ಕೆ ಸಲ್ಲುವ ರಾಜಧನವೂ ಈ ತೂಕವನ್ನೇ ಅವಲಂಬಿಸಿದೆ. ಆದ್ದರಿಂದ ಇದು ಸಣ್ಣ ಲೆಕ್ಕವಲ್ಲ!

ಎರಡು ಗೊತ್ತಿಲ್ಲದ ಸಂಖ್ಯೆಗಳಲ್ಲಿ ಒಂದನ್ನು ಹೀಗೆ ತೆಗೆದುಹಾಕಿ ಇನ್ನೊಂದನ್ನು ಕಂಡುಹಿಡಿಯುವುದಕ್ಕೆ ಗಣಿತದಲ್ಲಿ ‘ವರ್ಜಿಸುವ ವಿಧಾನ’ ಎನ್ನುತ್ತಾರೆ. ವರ್ಜಿಸು ಎಂದರೆ ಬಿಟ್ಟುಬಿಡು.

ಕಂಪ್ಲಿಯ ಭತ್ತದ ಚೀಲಗಳು

ಕಂಪ್ಲಿಯ ರೈತರೊಬ್ಬರ ಬಳಿ ಭತ್ತದ ದೊಡ್ಡ ಚೀಲಗಳೂ ಚಿಕ್ಕ ಚೀಲಗಳೂ ಇವೆ ಎನ್ನೋಣ. ದೊಡ್ಡವೆಲ್ಲ ಒಂದೇ ತೂಕ, ಚಿಕ್ಕವೆಲ್ಲ ಒಂದೇ ತೂಕ. ದೊಡ್ಡದರ ತೂಕ ‘ದೊ’, ಚಿಕ್ಕದರ ತೂಕ ‘ಚಿ’ ಆಗಿರಲಿ. ಎರಡು ಸಲ ತೂಗಿದಾಗ ಕಿಲೋಗ್ರಾಂನಲ್ಲಿ ಹೀಗೆ ಬಂತು:

3ದೊ + 4ಚಿ = 425
3ದೊ + 2ಚಿ = 325

ಮೇಲಿನದರಿಂದ ಕೆಳಗಿನದನ್ನು ಕಳೆಯಿರಿ. 3ದೊ ಮಾಯ! 2ಚಿ = 100. ಅಂದರೆ ಚಿ = 50. ಇದನ್ನು ಎರಡನೆಯ ಸಾಲಿನಲ್ಲಿ ಹಾಕಿದರೆ 3ದೊ + 100 = 325. ಆದ್ದರಿಂದ ದೊ = 75.

ಹೀಗೆ ಕಳೆಯುವುದು ಸರಿಯೇ? ಹಂಪಿಯಲ್ಲಿ ವಿಠ್ಠಲ ದೇವಾಲಯದ ಬಳಿ ಅರಸರ ತುಲಾಭಾರದ ಕಲ್ಲಿನ ಚೌಕಟ್ಟು ಇದೆ. ಅರಸರು ತಮ್ಮ ತೂಕದಷ್ಟು ಚಿನ್ನ, ರತ್ನಗಳನ್ನು ತೂಗಿಸಿ ದಾನ ಮಾಡುತ್ತಿದ್ದರೆಂದು ಹೇಳುತ್ತಾರೆ. ಸಮೀಕರಣವೂ ಒಂದು ತಕ್ಕಡಿ. ಎರಡೂ ತಟ್ಟೆಗಳಿಂದ ಸಮ ತೂಕ ತೆಗೆದರೆ ತಕ್ಕಡಿ ಸಮವಾಗಿಯೇ ನಿಲ್ಲುತ್ತದೆ. 3ದೊ + 2ಚಿ ಮತ್ತು 325 ಸಮ ತಾನೆ? ಒಂದನ್ನು ಎಡದಿಂದ, ಇನ್ನೊಂದನ್ನು ಬಲದಿಂದ ತೆಗೆದೆವು, ಅಷ್ಟೆ.

ಒಂದೇ ಸಲ ತೂಗಿದರೆ ಸಾಲದು. ಎರಡನೆಯ ಸಾಲೊಂದೇ ಇದ್ದಿದ್ದರೆ ದೊ = 85, ಚಿ = 35 ಕೂಡ ಹೊಂದುತ್ತಿತ್ತು. 6 ದೊಡ್ಡ, 4 ಚಿಕ್ಕ ಚೀಲ ತೂಗಿ 650 ಬಂದರೂ ಪ್ರಯೋಜನವಿಲ್ಲ; ಅದು ಹಳೆಯ ಮಾತಿನ ಇಮ್ಮಡಿ ಮಾತ್ರ. ಎರಡನೆಯ ತೂಕ ಹೊಸ ಸಂಗತಿ ಹೇಳಬೇಕು.

ಮಹಾವೀರಾಚಾರ್ಯರ ಹಣ್ಣುಗಳು

ಎರಡೂ ಸಾಲುಗಳಲ್ಲಿ ಸಮ ಸಂಖ್ಯೆ ಇಲ್ಲದಿದ್ದರೆ? ಸಮ ಮಾಡಿಕೊಳ್ಳಬೇಕು! ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಸುಮಾರು ಕ್ರಿ.ಶ. 850ರಲ್ಲಿ ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥ ರಚಿಸಿದರು. ಅದರಲ್ಲಿ ಇಂಥದೊಂದು ಸಮಸ್ಯೆ ಇದೆ. 9 ಮಾದಳ, 7 ಬೇಲದ ಹಣ್ಣಿನ ಬೆಲೆ 107. 7 ಮಾದಳ, 9 ಬೇಲದ ಹಣ್ಣಿನ ಬೆಲೆ 101. ಒಂದೊಂದರ ಬೆಲೆ ಎಷ್ಟು?

9ಮಾ + 7ಬೇ = 107
7ಮಾ + 9ಬೇ = 101

ಮೊದಲ ಸಾಲನ್ನು 9ರಿಂದಲೂ ಎರಡನೆಯದನ್ನು 7ರಿಂದಲೂ ಗುಣಿಸಿ:

81ಮಾ + 63ಬೇ = 963
49ಮಾ + 63ಬೇ = 707

ಈಗ ಬೇಲ ಎರಡೂ ಕಡೆ 63. ಕಳೆದರೆ 32ಮಾ = 256. ಮಾ = 8. ಮೊದಲ ಸಾಲಿನಲ್ಲಿ ಹಾಕಿದರೆ 72 + 7ಬೇ = 107; ಬೇ = 5. ಎರಡನೆಯ ಸಾಲಿನಲ್ಲಿ ತಾಳೆ ನೋಡಿ: 56 + 45 = 101. ಸರಿ!

ನೀವೇ ಮಾಡಿ

ಹೊಸಪೇಟೆಯ ಅಂಗಡಿಯೊಂದರಲ್ಲಿ 2 ತೆಂಗಿನಕಾಯಿ, 3 ಡಜನ್ ಬಾಳೆಹಣ್ಣಿಗೆ 210 ರೂಪಾಯಿ. ಅಲ್ಲೇ 3 ತೆಂಗಿನಕಾಯಿ, 2 ಡಜನ್ ಬಾಳೆಹಣ್ಣಿಗೆ 190 ರೂಪಾಯಿ. ಚೀಟಿಯಲ್ಲಿ ಬಿಡಿ ಬೆಲೆ ಬರೆದಿಲ್ಲ. ಕಂಡುಹಿಡಿಯುವಿರಾ? ಗುಣಿಸಿ ಕಳೆದು ಮಾಡಿದ ಮೇಲೆ, ಎರಡೂ ಸಾಲುಗಳನ್ನು ಒಮ್ಮೆ ಕೂಡಿ, ಒಮ್ಮೆ ಕಳೆದು ನೋಡಿ. ಇನ್ನೊಂದು ಸುಲಭ ದಾರಿ ಕಾಣುತ್ತದೆ.

ಉತ್ತರ: ಒಂದು ತೆಂಗಿನಕಾಯಿಗೆ 30 ರೂಪಾಯಿ, ಒಂದು ಡಜನ್ ಬಾಳೆಹಣ್ಣಿಗೆ 50 ರೂಪಾಯಿ.