ಗುಂಪು ಕಲಿಕೆ: ಉಪನ್ಯಾಸಕ್ಕಿಂತ ಮೊದಲು ಲೆಕ್ಕದ ಪುಸ್ತಕ

1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಇಂದಿನ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು ರೂಪುಗೊಂಡಿವೆ. ಉಚಿತ ತರಬೇತಿಯ ತರುವಾಯ ಎರಡು ವರ್ಷಗಳ ಮಾರ್ಗದರ್ಶನವೂ ದೊರೆಯುವುದು ಇವುಗಳ ವೈಶಿಷ್ಟ್ಯ.

ದಾವಣಗೆರೆ ನಗರ ಹಾಗೂ ಹರಿಹರದಲ್ಲಿ ಸ್ಥಳೀಯ ಉದ್ಯಮಿಗಳಿಗೆ ಗುಂಪು ಕಲಿಕಾ ಕಾರ್ಯಕ್ರಮ ನಡೆಸುವವರು ಶಿಬಿರಾರ್ಥಿಗಳ ವೆಚ್ಚದ ಲೆಕ್ಕದಿಂದಲೇ ಆರಂಭಿಸುವುದು ಸೂಕ್ತ. ಉದಾಹರಣೆಗೆ, ಮಂಡಕ್ಕಿ ಭಟ್ಟಿಯೊಂದರ ಲೆಕ್ಕದಲ್ಲಿ ಭತ್ತ, ಉರುವಲು, ಸಾಗಣೆಯ ವೆಚ್ಚವಿದ್ದು ಮನೆಮಂದಿಯ ದುಡಿಮೆ ಬಿಟ್ಟುಹೋಗಿರಬಹುದು. ಅದನ್ನು ಸೇರಿಸಿದಾಗ, ಲಾಭವೆಂದು ಭಾವಿಸಿದ ಹಣ ಕೂಲಿಗೂ ಸಾಲದೆಂಬುದು ತಿಳಿದೀತು. ಇಂತಹ ಲೋಪವು ಅದೇ ಕಸುಬಿನವರ ಕಣ್ಣಿಗೆ ಬೇಗ ಬೀಳುತ್ತದೆ. ಗುಂಪು ಕಲಿಕೆಯ ಪ್ರಯೋಜನವೇ ಇದು.

ಸಂಯೋಜಕರು ಉತ್ತರ ಹೇಳುವ ಬದಲು ಪ್ರಶ್ನೆ ಕೇಳಬೇಕು. ಮಾತನಾಡದವರಿಗೂ ಅವಕಾಶ ನೀಡಬೇಕು. ಶಿಬಿರದ ಬಳಿಕವೂ ಅದೇ ಗುಂಪು ತಿಂಗಳಿಗೊಮ್ಮೆ ಲೆಕ್ಕದ ಪುಸ್ತಕದೊಡನೆ ಸೇರಿದರೆ, ಕಲಿತದ್ದು ಬೆಲೆ ನಿಗದಿಯಲ್ಲಿ ಫಲ ಕೊಡುತ್ತದೆ.