ಮಲಪ್ರಭೆಯ ದಡದಲ್ಲೊಂದು ವಿಶ್ವವಿದ್ಯಾಲಯ

ನಮ್ಮ ಸಂಸ್ಥೆಯ ಸದಸ್ಯರಲ್ಲಿ ಅನೇಕರು ಮಕ್ಕಳ ವಿದ್ಯಾಭ್ಯಾಸದ ನಿಮಿತ್ತ ವಿದೇಶಕ್ಕೆ ಹೋದಾಗ ಆಕ್ಸ್‌ಫರ್ಡ್ ನಗರವನ್ನು ನೋಡಿ ಬಂದಿದ್ದಾರೆ. ಅಲ್ಲಿನ ಕೆಲವು ಕಾಲೇಜುಗಳ ಅಂಗಳವನ್ನು ಪ್ರವೇಶಿಸಲೂ ಹಣ ತೆರಬೇಕು. ಸಂದರ್ಶಕರು ಸಂತೋಷದಿಂದಲೇ ತೆರುತ್ತಾರೆ, ಒಂದೆರಡು ರಾತ್ರಿ ಉಳಿಯುತ್ತಾರೆ, ಪುಸ್ತಕ ಕೊಳ್ಳುತ್ತಾರೆ. ವಿದ್ಯೆಯ ಹೆಸರಿನಿಂದಲೇ ಒಂದು ಊರು ಹೇಗೆ ಬದುಕಬಲ್ಲದೆಂಬುದಕ್ಕೆ ಅದು ಸಾಕ್ಷಿ. ಅಂಥದೊಂದು ವಿದ್ಯಾಕ್ಷೇತ್ರ ನಮ್ಮ ಜಿಲ್ಲೆಯಲ್ಲಿಯೇ, ಬಾದಾಮಿಯಿಂದ ಐಹೊಳೆಯವರೆಗಿನ ಮೂವತ್ತೈದು ಕಿಲೋಮೀಟರುಗಳ ಅಂತರದಲ್ಲಿ ಹರಡಿಕೊಂಡಿದೆ. ಆದರೆ ನಾವು ಅದನ್ನು ಅರ್ಧ ದಿನದಲ್ಲಿ ನೋಡಿ ಮುಗಿಸುತ್ತೇವೆ.

ಈ ಕಣಿವೆಯನ್ನು ವಿಶ್ವವಿದ್ಯಾಲಯವೆನ್ನುವುದು ಅಲಂಕಾರದ ಮಾತೆನಿಸಬಹುದು. ಪದವಿ ಕೊಡುವ ಪೀಠವೇನೂ ಅಲ್ಲಿರಲಿಲ್ಲ. ಆದರೆ ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿ ಬಾದಾಮಿಯ ಕೋಟೆಯನ್ನು ಕಟ್ಟಿಸಿದಂದಿನಿಂದ ಎರಡು ಶತಮಾನಗಳ ಕಾಲ ಇಲ್ಲಿ ಶಿಲ್ಪಿಗಳು ಗುರುವಿನಿಂದ ಶಿಷ್ಯನಿಗೆ ಪಾಠ ಹೇಳುತ್ತ, ತಪ್ಪನ್ನು ತಿದ್ದುತ್ತ, ಹೊಸದನ್ನು ಪ್ರಯೋಗಿಸುತ್ತ ನಡೆದದ್ದು ಕಲ್ಲಿನಲ್ಲಿಯೇ ಕಾಣುತ್ತದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ 578ರ ಶಾಸನವಿದೆ. ಅಲ್ಲಿ ಬಂಡೆಯನ್ನು ಕೊರೆದ ಕೈಗಳ ವಂಶವೇ ಮುಂದೆ ಪಟ್ಟದಕಲ್ಲಿನಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ವಿರೂಪಾಕ್ಷ ದೇವಾಲಯವನ್ನು ನಿಲ್ಲಿಸಿತೆಂದು ಭಾವಿಸಿದರೆ ತಪ್ಪಾಗಲಾರದು. ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿ ಕಟ್ಟಿಸಿದ ಈ ಗುಡಿಯ ಶಾಸನಗಳು ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿ ಎಂಬ ಸೂತ್ರಧಾರಿಗಳನ್ನು ಹೆಸರಿಸಿ ಗೌರವಿಸುತ್ತವೆ. ಕಟ್ಟಡದ ಫಲಕದ ಮೇಲೆ ಉದ್ಘಾಟಕರ ಹೆಸರು ಮಾತ್ರ ಕೆತ್ತಿಸುವ ನಮ್ಮ ಕಾಲಕ್ಕೆ ಇದು ವಿಚಿತ್ರವೇ ಸರಿ!

ಗೆದ್ದ ಕಂಚಿಯಲ್ಲಿ ಆ ಅರಸನು ರಾಜಸಿಂಹೇಶ್ವರ ದೇವಾಲಯದ ಸಂಪತ್ತನ್ನು ದೋಚದೆ ಮರಳಿ ದೇವರಿಗೇ ಒಪ್ಪಿಸಿದನೆಂದು ಅಲ್ಲಿನ ಕನ್ನಡ ಶಾಸನವು ಹೇಳುತ್ತದೆ. ಲೆಕ್ಕಪರಿಶೋಧಕನಾದ ನನಗೆ ಆ ಶಾಸನದ ಮೇಲೆ ವಿಶೇಷ ಪ್ರೀತಿ.

ಪ್ರವಾಸಿಗರಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಸ್ಥಳ ಶಿವಯೋಗ ಮಂದಿರ. ಉಳಿದೆಡೆ ಪಾಠ ಮುಗಿದು ಶತಮಾನಗಳಾದವು, ಇಲ್ಲಿ ಇಂದಿಗೂ ನಡೆಯುತ್ತಿದೆ. 1909ರಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು ಮಲಪ್ರಭೆಯ ದಡದಲ್ಲಿ ಈ ಸಂಸ್ಥೆಯನ್ನು ಸ್ಥಾಪಿಸಿದರು. ಮಠಗಳಿಗೆ ಯೋಗ್ಯ ವಿದ್ಯಾಭ್ಯಾಸ ಪಡೆದ ಸ್ವಾಮಿಗಳು ಬೇಕೆಂಬುದು ಅವರ ಉದ್ದೇಶ. ಅದಕ್ಕಾಗಿ ಊರೂರು ತಿರುಗಿ ಜೋಳಿಗೆ ಹಿಡಿದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಮೂಲ ಬಂಡವಾಳ ಪೂರ್ತಿಯಾಗಿ ಭಕ್ತರದು, ಸಾಲ ಶೂನ್ಯ. ವಟುಗಳು ಇಲ್ಲಿ ಸಂಸ್ಕೃತ, ವಚನ, ಯೋಗ, ಸಂಗೀತಗಳನ್ನು ಅಭ್ಯಾಸ ಮಾಡುತ್ತಾರೆ. ನಾಡಿನ ಎಷ್ಟೋ ಮಠಗಳ ಪೀಠಾಧಿಪತಿಗಳು ಇಲ್ಲಿಯೇ ಕಲಿತವರು. ದೃಷ್ಟಿಹೀನ ಬಾಲಕರಾಗಿದ್ದ ಪಂಚಾಕ್ಷರಿ ಗವಾಯಿಗಳ ಸಂಗೀತ ಶಿಕ್ಷಣಕ್ಕೆ ಆಸರೆಯಾದವರೂ ಕುಮಾರ ಶಿವಯೋಗಿಗಳೇ. ಅವರಿಂದ ಪುಟ್ಟರಾಜ ಗವಾಯಿಗಳು, ಗದುಗಿನ ವೀರೇಶ್ವರ ಪುಣ್ಯಾಶ್ರಮ, ಅಲ್ಲಿ ಕಲಿತು ಸ್ವಂತ ದುಡಿಮೆಯಿಂದ ಬದುಕಿದ ನೂರಾರು ಅಂಧ ಕಲಾವಿದರು! ಒಂದು ಹೂಡಿಕೆಯ ಪ್ರತಿಫಲವನ್ನು ಎಲ್ಲಿಯವರೆಗೆ ಲೆಕ್ಕ ಹಾಕಬೇಕೆಂಬ ಪ್ರಶ್ನೆಗೆ ನಮ್ಮ ಪಠ್ಯಗಳಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ.

ಅಲ್ಲಿಯ ತಾಡವೋಲೆ ಗ್ರಂಥಗಳ ಸಂಗ್ರಹವೂ ಗೋಶಾಲೆಯೂ ನೋಡತಕ್ಕವು. ಸಗಣಿಯನ್ನು ಒಣಗಿಸಿ, ಸುಟ್ಟು, ಬೂದಿಯನ್ನು ನೀರಿನಲ್ಲಿ ಸೋಸಿ ತಿಳಿಗೊಳಿಸಿ ಗಟ್ಟಿ ಕಟ್ಟಿದ ಶಿವಯೋಗ ಮಂದಿರದ ವಿಭೂತಿಗೆ ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಬೇಡಿಕೆಯುಂಟು. ಜಾಹೀರಾತಿಲ್ಲದೆ ಹೆಸರು ಗಳಿಸಿದ ಸರಕು ಅದು. ಇದು ಸಾಧನೆಯ ಸ್ಥಳವಾದುದರಿಂದ ಗದ್ದಲವಿಲ್ಲದೆ, ಪಾಠದ ಹೊತ್ತನ್ನು ವಿಚಾರಿಸಿಕೊಂಡು ಹೋಗುವುದು ಉಚಿತ.

ಐಹೊಳೆಗೆ ಬಂದಾಗ ವ್ಯಾಪಾರಸ್ಥರಾದ ನಾವು ಪಾದರಕ್ಷೆ ಕಳಚಿ ನಿಲ್ಲಬೇಕು. ಮೇಗುತಿಯ ಗುಡಿಯಲ್ಲಿ 634ರ ರವಿಕೀರ್ತಿಯ ಶಾಸನವಿದೆ. ಕಾಳಿದಾಸ, ಭಾರವಿಯರ ಹೆಸರು ಅದರಲ್ಲಿ ಬರುವುದರಿಂದ ಸಾಹಿತ್ಯ ಚರಿತ್ರೆಗೆ ಅದೊಂದು ಮೈಲಿಗಲ್ಲು. ನಮಗೆ ಅದಕ್ಕಿಂತ ಹತ್ತಿರದ್ದು ‘ಅಯ್ಯಾವೊಳೆಯ ಐನೂರ್ವರು’ ಎಂಬ ವರ್ತಕ ಸಂಘ. ಈ ಊರಿನ ಹೆಸರು ಹೊತ್ತ ಆ ಸಂಘದ ಶಾಸನಗಳು ಕರ್ನಾಟಕ, ಆಂಧ್ರ, ತಮಿಳುನಾಡುಗಳಲ್ಲಷ್ಟೇ ಅಲ್ಲದೆ ಸಿಂಹಳದಲ್ಲಿಯೂ ದೊರೆತಿವೆ. ಸುಮಾತ್ರಾ ದ್ವೀಪದ ಬಾರುಸ್ ಬಳಿ ಸಿಕ್ಕ 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಉಲ್ಲೇಖವಿದೆ. ಸ್ವಂತ ಧರ್ಮಸಂಹಿತೆ, ಸ್ವಂತ ಧ್ವಜ, ಸ್ವಂತ ಕಾವಲು ಪಡೆ ಇಟ್ಟುಕೊಂಡು ಕಡಲಾಚೆ ವ್ಯವಹರಿಸಿದ ಅವರನ್ನು ನಮ್ಮ ವಾಣಿಜ್ಯ ಸಂಸ್ಥೆಗಳ ಪೂರ್ವಜರೆಂದರೆ ಅತಿಶಯೋಕ್ತಿಯಲ್ಲ. ಆದರೆ ಐಹೊಳೆಗೆ ಹೋದ ನಮ್ಮವರಲ್ಲಿ ದುರ್ಗ ಗುಡಿಯ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಂಡವರು ನೂರು ಮಂದಿಯಾದರೆ ಐನೂರ್ವರನ್ನು ನೆನೆದವರು ಐವರೂ ಇರಲಿಕ್ಕಿಲ್ಲ.

ಈಗ ಖರ್ಚಿನ ಲೆಕ್ಕಕ್ಕೆ ಬರೋಣ. ಹುಬ್ಬಳ್ಳಿಯಿಂದಲೋ ಹೊಸಪೇಟೆಯಿಂದಲೋ ಮುಂಜಾನೆ ಹೊರಟ ಪ್ರವಾಸಿ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ಓಡುತ್ತ ನೋಡಿ ರಾತ್ರಿಗೆ ಮರಳುತ್ತಾನೆ. ವಾಹನದ ಬಾಡಿಗೆ, ಕೋಣೆಯ ಬಾಡಿಗೆ, ರಾತ್ರಿಯ ಊಟ ಇವೆಲ್ಲ ಹೊರಗಿನ ಊರುಗಳ ಖಾತೆಗೆ ಜಮಾ. ಕಣಿವೆಯ ಪಾಲಿಗೆ ಉಳಿಯುವುದು ಒಂದು ಚಹಾ, ಒಂದು ನೀರಿನ ಬಾಟಲಿ, ಒಬ್ಬ ಮಾರ್ಗದರ್ಶಿಯ ಅವಸರದ ಒಂದು ತಾಸು. ಪಟ್ಟದಕಲ್ಲು 1987ರಲ್ಲಿಯೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಆ ಪಟ್ಟಿಯ ಲಾಭ ಊರಿನವರ ಮನೆಗೆ ತಲುಪಬೇಕಾದರೆ ಪ್ರವಾಸಿಯು ಎರಡು ರಾತ್ರಿ ಇಲ್ಲಿ ತಂಗಬೇಕು.

ಹೀಗೆ ತಂಗಿದವನಿಗೆ ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ ನೋಡಲು ಹೊತ್ತು ಸಿಗುತ್ತದೆ. ಇಳಕಲ್ ಸೀರೆಯ ಮೈಯ ಹಾಸೆಳೆಗೂ ಸೆರಗಿನ ರೇಷ್ಮೆಯ ಹಾಸೆಳೆಗೂ ಒಂದೊಂದೇ ಕುಣಿಕೆ ಹಾಕಿ ಜೋಡಿಸುವ ಕೊಂಡಿಯ ಕೆಲಸವನ್ನು ಒಮ್ಮೆ ಕಣ್ಣಾರೆ ಕಂಡವನು ನೇಕಾರನೊಡನೆ ಚೌಕಾಶಿಗೆ ಇಳಿಯಲಾರ. ಅಂಗಡಿಯ ದೀಪದ ಕೆಳಗೆ ಕೊಳ್ಳುವವನಿಗೆ ಕೈಮಗ್ಗದ ಸೀರೆಗೂ ವಿದ್ಯುತ್ ಮಗ್ಗದ ನಕಲಿಗೂ ಬೆಲೆಯ ಅಂತರವೊಂದೇ ಕಾಣುತ್ತದೆ, ಮತ್ತು ಅವನು ಅಗ್ಗದ್ದನ್ನೇ ಆರಿಸುತ್ತಾನೆ. ಮಗ್ಗದ ಮನೆಯ ಮಕ್ಕಳು ಬೇರೆ ಉದ್ಯೋಗ ಹುಡುಕಿ ಹೊರಟಿರುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಬಾರಿ ಹೊರ ರಾಜ್ಯದ ಖರೀದಿದಾರರೋ ಬೀಗರೋ ಬಂದಾಗ ಅವರನ್ನು ಎರಡು ದಿನಕ್ಕೆ ಕರೆತನ್ನಿ. ಮಳೆಗಾಲ ಬೇಡ, 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನೆರೆ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನುಗ್ಗಿತ್ತು. ಜನವರಿಯ ಸುಮಾರಿಗೆ ಬನದ ಹುಣ್ಣಿಮೆಗೆ ಬನಶಂಕರಿಯ ಜಾತ್ರೆ ಕೂಡುತ್ತದೆ, ನಾಟಕ ಕಂಪನಿಗಳ ಡೇರೆ ಏಳುತ್ತದೆ. ಮೊದಲ ದಿನ ಬಾದಾಮಿ, ಮಹಾಕೂಟ, ಸಂಜೆಗೆ ಶಿವಯೋಗ ಮಂದಿರ. ಮರುದಿನ ಪಟ್ಟದಕಲ್ಲು, ಐಹೊಳೆ, ಅಲ್ಲಿಂದ ಇಳಕಲ್ಲು. ನಡುವೆ ಅಮೀನಗಡದಲ್ಲಿ ಇಳಿದು ಕರದಂಟು ಕೊಳ್ಳುವುದನ್ನು ಮರೆಯಬೇಡಿ. ಬಿಲ್ಲನ್ನು ಮಾತ್ರ ಕೇಳಿ ಪಡೆಯಿರಿ.